ಬಳ್ಳಾರಿ ಜಾಲಿಯ ಹೊಗೆ

"ಗುರುಗಳೇ, ಪರದೇಶದ ಅಡುಗೆ ನಮ್ಮ ಒಲೆಯ ಮೇಲೆ ಏರಬಹುದೇ?"

ಕೇಳಿದವನು ಚನ್ನವೀರ, ಆಶ್ರಮದ ಅಡುಗೆಮನೆಯ ಹೊಣೆ ಹೊತ್ತವನು. ಮೊರದ ತುಂಬ ಒಣಮೆಣಸಿನಕಾಯಿ ಇಟ್ಟುಕೊಂಡು ತೊಟ್ಟು ಮುರಿಯುತ್ತಿದ್ದ. ಹೊಸದಾಗಿ ಬಂದ ಅಡುಗೆಯವನೊಬ್ಬ ಹಿಂದಿನ ದಿನ ಹೊಗೆಯಲ್ಲಿ ಬೆಂದ ಬದನೆಕಾಯಿಯನ್ನೂ ಕಾಳನ್ನೂ ಪರದೇಶದವರ ಹಾಗೆ ರೊಟ್ಟಿಯಲ್ಲಿ ಸುತ್ತಿ ಎಲ್ಲರಿಗೂ ಬಡಿಸಿದ್ದ. ಸಂಜೆಯೊಳಗೆ ಅವನನ್ನು ಹೊರಗೆ ಕಳಿಸಬೇಕೆಂಬುದು ಚನ್ನವೀರನ ಹಟ.

ಗುರುಗಳು ಕತೆ ಶುರುಮಾಡಿದರು. ಮಾಂಸದ ಮಾತು ಬರುತ್ತದೆ, ಕೇಳಿದರೆ ಕಿವಿಗೇನೂ ಅಂಟುವುದಿಲ್ಲ ಎಂದು ಮೊದಲೇ ಧೈರ್ಯ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಖಾನಾವಳಿಯವನಿದ್ದ. ಊರಿನ ಹೆಸರನ್ನು ನಾನು ಒಂದೊಂದು ಸಲ ಒಂದೊಂದು ಹೇಳುತ್ತೇನೆ, ಆದ್ದರಿಂದ ಇವತ್ತು ಬೇಡ. ಅವನು ಟೆಕ್ಸಾಸ್ ಎಂಬ ದೂರದ ಸೀಮೆಯಲ್ಲಿ ಹನ್ನೆರಡು ವರ್ಷ ಮಾಂಸ ಬೇಯಿಸುವ ಹೊಗೆಯೊಲೆಯ ಮುಂದೆ ನಿಂತು ಬಂದವನು. ಪಕ್ಕದ ಮೆಕ್ಸಿಕೋದವರು ಮೆಕ್ಕೆಜೋಳದ ರೊಟ್ಟಿಯಲ್ಲಿ ಪಲ್ಯ, ಮಾಂಸ ಏನು ಬೇಕಾದರೂ ಸುತ್ತಿ ತಿನ್ನುತ್ತಾರೆ, ಅದನ್ನೂ ಕಲಿತಿದ್ದ. ಊರು ಮೆಚ್ಚಿದ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಖಾರ ಅಪ್ಪನ ಕಾಲದಿಂದ ಅವನಲ್ಲಿ ಇದ್ದೇ ಇದ್ದವು. ಜೊತೆಗೆ ಈಗ ಕುರಿಯ ತೊಡೆಯನ್ನು ಬಳ್ಳಾರಿ ಜಾಲಿ ಕಟ್ಟಿಗೆಯ ಹೊಗೆಯಲ್ಲಿ ದಿನವಿಡೀ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಬಿಸಿ ಜೋಳದ ರೊಟ್ಟಿಯಲ್ಲಿ ಸುತ್ತಿ ಕೊಡತೊಡಗಿದ.

ಊರಿನ ಹಿರಿಯನಿಗೆ ಸಿಟ್ಟು ಬಂತು. ಖಾನಾವಳಿಯ ಕಟ್ಟಡ ಊರಿನದು, ಬೀಗ ಹಿರಿಯನ ಕೈಯಲ್ಲಿ.

"ನಾಳೆ ಮಧ್ಯಾಹ್ನ ಊಟಕ್ಕೆ ಬರುತ್ತೇನೆ. ಆ ಸಮುದ್ರದ ಆಚೆಯಿಂದ ಬಂದದ್ದು ಒಂದು ಚೂರೂ ನಿನ್ನ ಅಡುಗೆಮನೆಯಲ್ಲಿ ಇರಬಾರದು. ಇದ್ದರೆ ನಿನ್ನ ಖಾನಾವಳಿ ನಾಳೆಗೇ ಮುಗಿಯಿತು ಅಂತ ತಿಳಿ."

ಖಾನಾವಳಿಯವನು, ಒಂದು ಚೂರೂ ಇರಬಾರದೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಮರುದಿನ ಹಿರಿಯ ಬೀಗ ಹಿಡಿದು ಬಂದು ತನ್ನ ಎಂದಿನ ಮೂಲೆಯಲ್ಲಿ ಕೂತ. ತಟ್ಟೆಗೆ ರೊಟ್ಟಿ ಬಂತು, ಬೇಯಿಸಿದ ಬದನೆಕಾಯಿ ಬಂತು, ಉಪ್ಪು ಬಂತು. ಆಮೇಲೆ ಏನೂ ಬರಲಿಲ್ಲ. ಬಡಿಸಿದ ತಟ್ಟೆ ಬಿಟ್ಟು ಏಳುವುದು ಆ ಊರಿನಲ್ಲಿ ಮರ್ಯಾದೆಯಲ್ಲ. ಹಿರಿಯ ನಾಲ್ಕು ತುತ್ತು ಒಣಒಣವಾಗಿ ನುಂಗಿ ಖಾರ ಕೇಳಿದ. ಹಿತ್ತಲಿನ ಬುಟ್ಟಿಯಲ್ಲಿದೆ ಎಂದ ಖಾನಾವಳಿಯವನು. ಶೇಂಗಾ ಚಟ್ನಿಯೂ ಅಲ್ಲೇ, ಟೊಮೆಟೊ ಸಾರಿನ ಟೊಮೆಟೊವೂ ಅಲ್ಲೇ. ರೊಟ್ಟಿ ಯಾಕೆ ಸಗಣಿಯ ಕುಳ್ಳಿನ ಬೆಂಕಿಯಲ್ಲಿ ಬೆಂದಿದೆ ಎಂದು ಕೇಳಿದರೆ, ಬಳ್ಳಾರಿ ಜಾಲಿಯ ಕಟ್ಟಿಗೆಯೂ ಅಲ್ಲೇ.

ಹೆಸರಿನಲ್ಲೇ ಬಳ್ಳಾರಿ ಇದೆಯಲ್ಲ, ಅದು ಹೇಗೆ ಪರದೇಶದ್ದು ಎಂದು ಹಿರಿಯ ಗದರಿದ.

"ಹೆಸರು ನಮ್ಮದು ಗೌಡರೇ, ಬೀಜ ಅವರದು. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಜಾಲಿ, ಎಲ್ಲ ಆ ಸಮುದ್ರದ ಆಚೆಯಿಂದ ಬಂದವೇ. ನೀವು ಹೇಳಿದ ಹಾಗೆ ಒಂದು ಚೂರೂ ಉಳಿಸಿಲ್ಲ. ಇನ್ನು ಬೀಗ ಯಾಕೆ?"

ಹಿರಿಯ ತಟ್ಟೆ ನೋಡಿದ. ಉಳಿದ ರೊಟ್ಟಿ ಹಾಗೇ ಇತ್ತು. ಖಾರವೊಂದನ್ನಾದರೂ ಒಳಗೆ ತಾ ಎಂದು ಮೆಲ್ಲಗೆ ಹೇಳಿದ. ಖಾನಾವಳಿಯವನು ಹಿತ್ತಲ ಬಾಗಿಲಿಗೆ ಅಡ್ಡ ನಿಂತ.

"ಒಂದೊಂದಾಗಿ ಬರುವುದಿಲ್ಲ ಗೌಡರೇ. ಬಂದರೆ ನನ್ನ ಹೊಗೆಯೊಲೆಯ ಜೊತೆ ಎಲ್ಲವೂ ಒಟ್ಟಿಗೆ ಬರಬೇಕು."

ಹಿರಿಯ ಬೀಗವನ್ನು ಜೇಬಿಗೆ ಹಾಕಿಕೊಂಡ. ಬುಟ್ಟಿಯನ್ನು ತಾನೇ ಹೊತ್ತು ಒಳಗೆ ತಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ಒಪ್ಪಲಿಲ್ಲ. ಹೋದ ತಿಂಗಳು ಹೇಳಿದ ಕತೆಯೂ ಕಟ್ಟುಕತೆಯೇ ಆಗಿತ್ತು, ಇದಾದರೂ ನಡೆದದ್ದೇ ಎಂದು ಕೇಳಿದ.

"ಕತೆ ಸುಳ್ಳೇ ಇರಲಿ ತಮ್ಮಾ, ಮೊದಲು ನಿನ್ನ ಮೊರದಲ್ಲಿರುವ ಮೆಣಸಿನಕಾಯಿಯನ್ನು ಹೊರಗೆ ಹಾಕು, ಅಡುಗೆಯವನು ಅದರ ಹಿಂದೆಯೇ ಹೋಗುತ್ತಾನೆ."