ಲೋಟದ ಮೇಲಿನ ಹೆಸರು

"ಅಜ್ಜಾರ, ಕಾವಿ ಕೊಡುವ ದಿನ ನನಗೆ ಯಾವ ಹೆಸರು ಇಡುತ್ತೀರಿ?" ಎಂದು ಶಿಷ್ಯ ಕೇಳಿದ.

ಮಠದ ಅಜ್ಜನವರು ಓದುತ್ತಿದ್ದ ಪುಸ್ತಕ ಮುಚ್ಚಿದರು. "ಇರುವ ಹೆಸರಿಗೆ ಏನಾಗಿದೆ?"

"ಏನಾಗಿದೆ ಎಂದು ನೀವೇ ಕೇಳುತ್ತೀರಾ? ತೌಡಪ್ಪ. ದನಕ್ಕೆ ಕಲಸಿ ಇಡುವ ತೌಡು ನನ್ನ ಹೆಸರು. ಶಾಲೆಯಲ್ಲಿ ಹಾಜರಿ ಕರೆದಾಗಲೆಲ್ಲ ಹಿಂದಿನ ಸಾಲಿನವರು ಅಂಬಾ ಎನ್ನುತ್ತಿದ್ದರು. ನಾಳೆ ನಾನು ಪ್ರವಚನಕ್ಕೆ ಕೂತರೆ ಜನ ನಗುವುದಿಲ್ಲವೇ? ಹೆಸರು ಎಂದಮೇಲೆ ಅದಕ್ಕೊಂದು ಒಳ್ಳೆಯ ಮೂಲ ಇರಬೇಕು, ಅಜ್ಜಾರ. ನೀವು ಹೂಂ ಎಂದರೆ ಸಾಕು, ನಾನೇ ಹನ್ನೆರಡು ಹೆಸರು ಬರೆದು ತಂದಿದ್ದೇನೆ."

"ಹನ್ನೆರಡೇ? ಭೇಷ್. ಚೀಟಿ ಕಿಸೆಯಲ್ಲೇ ಇರಲಿ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ," ಎಂದು ಅಜ್ಜನವರು ಶುರುಮಾಡಿದರು.

ಒಂದು ಸಂತೆಯೂರಿಗೆ ರೇಡಿಯೋ ನಿಲಯ ಬಂತು. ದೊಡ್ಡದೇನಲ್ಲ, ತಮ್ಮಾ. ಸೊಸೈಟಿಯ ಮಾಳಿಗೆ ಮೇಲೆ ಎರಡು ಕೋಣೆ, ಒಂದು ಕಂಬ. ಸುತ್ತಲಿನ ಹದಿನಾಲ್ಕು ಹಳ್ಳಿಗೆ ಕೇಳಿಸುತ್ತಿತ್ತು, ಹದಿನೈದನೆಯ ಹಳ್ಳಿಗೆ ಬರೀ ಗೊರಗೊರ. ಆದರೆ ಜನರ ಹುರುಪು ಕೇಳಬೇಡ. ಇಷ್ಟು ದಿನ ರೇಡಿಯೋದಲ್ಲಿ ಯಾರೋ ಎಲ್ಲಿಯದೋ ಸುದ್ದಿ ಹೇಳುತ್ತಿದ್ದರು. ಈಗ ನಮ್ಮ ಊರಿನ ಮಾತು, ನಮ್ಮ ಊರಿನ ಹೆಸರು ಅದರೊಳಗಿಂದ ಬರತೊಡಗಿತು. ಹುಚ್ಚು ಹಿಡಿಯದೆ ಇರುತ್ತದೆಯೇ?

ಆ ನಿಲಯದಲ್ಲಿ ಒಬ್ಬ ಹೆಣ್ಣುಮಗಳು ಮಾತಾಡುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಅವಳ ಕಾರ್ಯಕ್ರಮ. ಕೇಳುಗರು ಫೋನ್ ಮಾಡಿ ತಮ್ಮ ಹೆಸರು, ಅಡ್ಡಹೆಸರು ಹೇಳಬೇಕು. ಅದು ಎಲ್ಲಿಂದ ಬಂತು ಎಂಬುದನ್ನು ಅವಳು ಹಿರಿಯರನ್ನು ಕೇಳಿ, ಹಳೆಯ ಕಾಗದ ಹುಡುಕಿ ಹೇಳುತ್ತಿದ್ದಳು. ಮೆಣಸಿನಕಾಯಿ ಎಂಬ ಅಡ್ಡಹೆಸರಿನವರ ಮುತ್ತಜ್ಜ ಎತ್ತಿನ ಮೇಲೆ ಮೆಣಸಿನಕಾಯಿ ಹೇರಿಕೊಂಡು ಘಟ್ಟ ಇಳಿಯುತ್ತಿದ್ದನಂತೆ. ಬಾವಿಕಟ್ಟಿಯವರ ಹಿರಿಯ ಯಾರೂ ನೀರು ಕಾಣದ ಜಾಗದಲ್ಲಿ ಮೂರು ವರ್ಷ ಒಬ್ಬನೇ ಅಗೆದನಂತೆ. ಹೀಗೆ ದಿನಕ್ಕೊಂದು. ಹತ್ತು ಹೊಡೆಯಿತೆಂದರೆ ಕ್ಷೌರದ ಅಂಗಡಿಯಲ್ಲಿ ಕತ್ತರಿ ನಿಲ್ಲುತ್ತಿತ್ತು, ಅರ್ಧ ಮೀಸೆ ಆದವನೂ ಸುಮ್ಮನೆ ಕೂತು ಕೇಳುತ್ತಿದ್ದ. ಮಾತು ಬಿಟ್ಟಿದ್ದ ಎದುರುಬದುರಿನ ಎರಡು ಮನೆಯವರು ತಮ್ಮ ಅಡ್ಡಹೆಸರು ಒಬ್ಬನೇ ಅಜ್ಜನದು ಎಂದು ಗೊತ್ತಾಗಿ ಒಂದೇ ಪಂಕ್ತಿಯಲ್ಲಿ ಉಂಡರು.

ಆಕೆ ದಿನವೂ ಹೀಗೆ ಶುರುಮಾಡುತ್ತಿದ್ದಳು: "ನಮಸ್ಕಾರ, ನಾನು ಶಶಿಕಲಾ." ಚೆಂದದ ದನಿಗೆ ಚೆಂದದ ಹೆಸರು.

ಆದರೆ ಅದು ಅವಳ ಹೆಸರಲ್ಲ. ಅವಳ ಹೆಸರು ತಿಪ್ಪವ್ವ.

ನಗಬೇಡವೋ. ನಿನಗಂತೂ ಆ ಹಕ್ಕಿಲ್ಲ.

ಕೆಲಸಕ್ಕೆ ಸೇರಿದ ದಿನ ನಿಲಯದವರು, ರೇಡಿಯೋದಲ್ಲಿ ಯಾವ ಹೆಸರು ಹೇಳುತ್ತೀ ಎಂದು ಕೇಳಿದ್ದರು. ಅವಳಿಗೆ ತಟ್ಟನೆ ನೆನಪಾದದ್ದು ಮನೆಯ ಹಿತ್ತಾಳೆ ಲೋಟ. ಚಿಕ್ಕಂದಿನಿಂದ ಅವಳು ಹಾಲು ಕುಡಿದದ್ದು ಅದರಲ್ಲಿ. ಅಂಗಡಿಯವರು ಉಡುಗೊರೆ ಪಾತ್ರೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದು ಕೊಡುತ್ತಾರಲ್ಲ, ಹಾಗೆ ಅದರ ಮೇಲೆ ಶಶಿಕಲಾ ಎಂದು ಕೊರೆದಿತ್ತು. ಯಾರೋ ನೆಂಟರ ಪಾತ್ರೆ ನಮ್ಮಲ್ಲಿ ಉಳಿದಿರಬೇಕು ಎಂದುಕೊಂಡಿದ್ದಳು. ಹೆಸರು ಚೆನ್ನಾಗಿದೆ, ತೆಗೆದುಕೊಂಡಳು. ಅವಳ ಹಳ್ಳಿಯವರಿಗೆ ನಿಜ ಗೊತ್ತಿತ್ತು. ರೇಡಿಯೋದಲ್ಲಿ ತಿಪ್ಪವ್ವ ಎಂದರೆ ಒಪ್ಪುವುದಿಲ್ಲ ಎಂದು ಅವರೂ ಸುಮ್ಮನಿದ್ದರು.

ಊರವರ ಹೆಸರಿನ ಮೂಲವನ್ನೆಲ್ಲ ಅಗೆದು ತೆಗೆದವಳು ತನ್ನ ಹೆಸರಿನ ಮೂಲ ಮಾತ್ರ ಯಾರನ್ನೂ ಕೇಳಿರಲಿಲ್ಲ. ಕೇಳಲು ಅವಳಿಗೆ ಭಯ. ಹುಟ್ಟಿದ ಮಗು ಬೇಡವಾಗಿದ್ದರಿಂದ ತಿಪ್ಪೆಯ ಹೆಸರಿಟ್ಟರು ಎಂದು ಅವಳ ಮನಸ್ಸಿನಲ್ಲಿ ಚಿಕ್ಕಂದಿನಲ್ಲೇ ಕೂತುಬಿಟ್ಟಿತ್ತು.

ಒಂದು ಸಂತೆಯ ದಿನ ಒಬ್ಬ ವ್ಯಾಪಾರಿ ಫೋನ್ ಮಾಡಿದ. "ಅಕ್ಕಾರ, ನನ್ನ ಹೆಸರು ತಿಪ್ಪಣ್ಣ. ಹೊಸದಾಗಿ ಬಟ್ಟೆ ಅಂಗಡಿ ತೆಗೀತಿದ್ದೀನಿ. ಪೇಂಟರ್ ಏಣಿ ಮ್ಯಾಲೆ ಬ್ರಶ್ ಹಿಡಕೊಂಡು ನಿಂತಾನ. ಈ ಹೆಸರು ಬೋರ್ಡಿಗೆ ಬರೆಸಿದರ ಯಾರು ಬರ್ತಾರ? ಇದು ಎಲ್ಲಿಂದ ಬಂತು ಹೇಳ್ರಿ, ಇಲ್ಲಾ ಒಂದು ಚೆಂದನ ಹೆಸರು ಕೊಡ್ರಿ."

ಅವಳಿಗೆ ತನ್ನ ಹೆಸರನ್ನೇ ಯಾರೋ ಕರೆದಂತೆ ಭಯವಾಯಿತು. ಅದನ್ನು ಮುಚ್ಚಿಕೊಳ್ಳಲು ನಕ್ಕಳು. ನಗುತ್ತಾ ಹದಿನಾಲ್ಕು ಹಳ್ಳಿಗೆ ಕೇಳುವಂತೆ ಹೇಳಿದಳು: "ತಿಪ್ಪೆ ಕೆದಕಿದರೆ ಕಸ ಬಿಟ್ಟು ಇನ್ನೇನು ಸಿಗುತ್ತೆ ಅಣ್ಣಾರ? ಅಂಥ ಹೆಸರಿಟ್ಟವರಿಗೆ ಆ ಕೂಸು ಬೇಡವಾಗಿತ್ತೇನೋ. ತೇಜಸ್ವಿ ಅಂತ ಬರೆಸಿರಿ."

ವ್ಯಾಪಾರಿಯೂ ನಕ್ಕ. ಅವಳು ಒಂದು ಹಾಡು ಹಾಕಿದಳು.

ಅದೇ ಹೊತ್ತಿಗೆ ಸೊಸೈಟಿಯ ಕೆಳಗೆ ಚಹಾದಂಗಡಿಯಲ್ಲಿ ಒಬ್ಬ ಹೆಂಗಸು ಸಂತೆಯ ಚೀಲ ಇಟ್ಟುಕೊಂಡು ಕೂತಿದ್ದಳು. ಅಂಗಡಿಯ ರೇಡಿಯೋದಲ್ಲಿ ಆ ಮಾತು ಕೇಳಿ ಎದ್ದಳು. ಚಹಾ ಮುಟ್ಟಲಿಲ್ಲ, ಚೀಲ ಅಲ್ಲೇ ಬಿಟ್ಟಳು. ಮೆಟ್ಟಿಲು ಹತ್ತಿ, ತಡೆಯಲು ಬಂದವನನ್ನು ಸರಿಸಿ, ನೇರ ಒಳಗಿನ ಕೋಣೆಗೆ ನುಗ್ಗಿದಳು. ಹಾಡು ಮುಗಿದಿತ್ತು. ಮೈಕು ತೆರೆದಿತ್ತು, ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಆ ದೀಪ ಏಕೆ ಉರಿಯುತ್ತದೆ ಎಂಬುದು ಅವಳಿಗೇನು ಗೊತ್ತು? ಮಗಳೊಬ್ಬಳೇ ಇದ್ದಾಳೆ ಎಂದುಕೊಂಡು ಮಾತಾಡಿದಳು.

"ತಿಪ್ಪವ್ವಾ, ಯಾರಿಗೆ ಬ್ಯಾಡಾಗಿತ್ತ ಕೂಸು?"

ಹದಿನಾಲ್ಕು ಹಳ್ಳಿಗೆ ಕೇಳಿಸಿತು. ಮಗಳ ಮುಂದೆ ಮೈಕು ಬಂದ್ ಮಾಡುವ ಗುಂಡಿ ಇತ್ತು. ಒಂದು ಬೆರಳು ಸಾಕು. ತಿಪ್ಪವ್ವ ಯಾರೋ ಏನೋ, ಜನ ನಾಳೆಗೆ ಮರೆಯುತ್ತಾರೆ, ಶಶಿಕಲಾ ಉಳಿಯುತ್ತಾಳೆ. ಬೆರಳು ಗುಂಡಿಯ ಮೇಲೆ ಹೋಯಿತು. ಆದರೆ ಇಪ್ಪತ್ತಾರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಬೆರಳಿಗಿಂತ ಮುಂಚೆ ಹೊರಗೆ ಬಂತು.

"ನಿನಗ ನಾ ಬ್ಯಾಡಾಗಿರಲಿಲ್ಲೇನವ್ವಾ? ಮತ್ಯಾಕ ಈ ಹೆಸರಿಟ್ಟಿ?"

"ಮೂರು ಕೂಸು ಮಣ್ಣಿಗೆ ಕೊಟ್ಟೇನಿ," ಎಂದಳು ತಾಯಿ. "ಮೂರಕ್ಕೂ ಆರಿಸಿ ಆರಿಸಿ ಹೆಸರಿಟ್ಟಿದ್ದೆ. ಮೊದಲನೇದಕ್ಕ ಶಶಿಕಲಾ ಅಂತ. ತೊಟ್ಟಿಲಕ್ಕ ಹಾಕಿದ ದಿನ ನಿಮ್ಮ ಸೋದರಮಾವ ಲೋಟದ ಮ್ಯಾಲೆ ಹೆಸರು ಹಾಕಿಸಿ ತಂದಿದ್ದ. ಒಂದು ವರ್ಷ ಸೈತ ತುಂಬಲಿಲ್ಲ ಅದಕ್ಕ. ನೀ ಹುಟ್ಟಿದಾಗ ನಾ ಹೆದರಿಬಿಟ್ಟೆ. ಚೆಂದನ ಹೆಸರು ಕೇಳಿದರ ಸಾವಿಗೆ ಆಸೆ ಆಗತೈತಿ ಅಂದರು ಹಿರೇರು. ಹಸಿ ಮೈಯಾಗ ನಿನ್ನ ತಿಪ್ಪಿ ಮ್ಯಾಲೆ ಮಲಗಿಸಿ ಬಂದೆ. ಬಾಜೂ ಮನ್ಯಾಕಿ ನಿನ್ನ ಎತ್ತಿಕೊಂಡಳು. ಆಕೀಗೆ ಒಂದು ಮೊರ ತೌಡು ಕೊಟ್ಟು ನಿನ್ನ ತಿರುಗಿ ತಗೊಂಡೆ. ಇದು ಯಾರೋ ಒಗೆದ ಕೂಸು, ತೌಡಿಗೆ ಸಿಕ್ಕದ್ದು, ಇದರ ಮ್ಯಾಲೆ ಕಣ್ಣು ಹಾಕಬ್ಯಾಡ ಅಂತ ಸಾವಿಗೆ ಸುಳ್ಳು ಹೇಳಿದೆ. ಆ ಸುಳ್ಳು ನಿನ್ನ ಹೆಸರು."

ನಿಲಯದ ಮುಖ್ಯಸ್ಥ ಬಾಗಿಲಿಗೆ ಬಂದು ನಿಂತಿದ್ದ. ತಡೆಯಲು ಅವನು ಒಳಗೆ ಬರಲಿಲ್ಲ.

"ದಿನಾ ಹತ್ತಕ್ಕ ನೀ ಶಶಿಕಲಾ ಅಂತೀ. ಅದನ್ನ ಹೇಳಿ ಮುಗಿಸೂತನಕ ನಾ ರೇಡಿಯೋ ಬಂದ್ ಮಾಡಿ ಕೂಡ್ತೀನಿ. ಎಲ್ಲಿ ಆ ಸಾವು ಕೇಳಿಸಿಕೊಂಡೀತು ಅಂತ ನನಗ ದಿನಾ ಅಂಜಿಕಿ. ಇವತ್ತು ಚಹಾದಂಗಡ್ಯಾಗ ಬಂದ್ ಮಾಡಾಕ ಬರಲಿಲ್ಲ. ಹೆಸರೂ ಕೇಳಿದೆ, ನಿನ್ನ ಮಾತೂ ಕೇಳಿದೆ."

ಹೆಸರಿಗೆ ಸಾವು ಹೆದರುತ್ತದೆಯೋ ಇಲ್ಲವೋ, ನಾನು ಕಂಡಿಲ್ಲ, ತಮ್ಮಾ. ಹೆದರುವುದಿಲ್ಲ ಎಂದೇ ನನ್ನ ಲೆಕ್ಕ. ಆದರೆ ಆ ತಾಯಿಗೆ ಆಗ ಹತ್ತಿರದಲ್ಲಿ ದವಾಖಾನೆ ಇರಲಿಲ್ಲ, ಔಷಧ ಇರಲಿಲ್ಲ. ಕೈಯಲ್ಲಿ ಇದ್ದದ್ದು ಒಂದು ಹೆಸರು, ಅದನ್ನೇ ಅಡ್ಡ ಹಿಡಿದಳು.

ಮಗಳು ಗುಂಡಿಯಿಂದ ಕೈ ತೆಗೆದಳು. ತಾಯಿಯನ್ನು ಪಕ್ಕದ ಕುರ್ಚಿಯಲ್ಲಿ ಕೂಡಿಸಿದಳು. ಅಳುತ್ತಿದ್ದಳು, ಆದರೂ ದನಿ ಗಟ್ಟಿಯಾಗಿತ್ತು. ಮೈಕಿನ ಹತ್ತಿರ ಬಾಗಿ ಹೇಳಿದಳು: "ನಮಸ್ಕಾರ. ನಾನು ತಿಪ್ಪವ್ವ. ಆಗ ನಾನು ಆಡಿದ ಮಾತು ತಪ್ಪು. ತಿಪ್ಪಣ್ಣ ಅವರೇ, ನೀವು ಕೇಳುತ್ತಿದ್ದರೆ ಪೇಂಟರಿಗೆ ಸ್ವಲ್ಪ ನಿಲ್ಲಲು ಹೇಳಿ."

ಆಮೇಲೆ ನೋಡು ಗದ್ದಲ! ಇದ್ದದ್ದು ಒಂದೇ ಫೋನ್, ಇಟ್ಟ ಕೂಡಲೇ ಮತ್ತೆ ಬಡಿದುಕೊಳ್ಳುತ್ತಿತ್ತು. ಒಂದು ಹಳ್ಳಿಯಿಂದ ತಿಪ್ಪೇಶಿ, ಇನ್ನೊಂದರಿಂದ ಎಪ್ಪತ್ತು ದಾಟಿದ ತಿಪ್ಪಮ್ಮ. ಪೊಲೀಸ್ ಠಾಣೆಯಿಂದ ಒಬ್ಬ ಹವಾಲ್ದಾರ ಮಾತಾಡಿದ. ಇಲಾಖೆಯಲ್ಲಿ ಟಿ. ಎಂದಷ್ಟೇ ಬರೆದುಕೊಳ್ಳುತ್ತಿದ್ದವನು, ಅವತ್ತು ಪೂರ್ತಿ ಹೆಸರು ಹೇಳಿದ. ಯಾರೂ ಮೂಲ ಕೇಳಲಿಲ್ಲ. ತಮ್ಮ ಹೆಸರು ಹೇಳುತ್ತಿದ್ದರು, ತಮಗಿಂತ ಮುಂಚೆ ಹೋದವರ ಹೆಸರು ಹೇಳುತ್ತಿದ್ದರು. ಕೆಲವರು ಅತ್ತರು, ಬಹಳ ಜನ ನಕ್ಕರು. ಹನ್ನೊಂದಕ್ಕೆ ಮುಗಿಯಬೇಕಾದ ಕಾರ್ಯಕ್ರಮ ಮಧ್ಯಾಹ್ನ ಒಂದಾದರೂ ಮುಗಿಯಲಿಲ್ಲ. ತಾಯಿ ಅಲ್ಲೇ ಕೂತು, ಪ್ರತಿಯೊಬ್ಬರಿಗೂ "ನೂರು ವರ್ಷ ಬಾಳಪ್ಪಾ, ಬಾಳವ್ವಾ" ಎನ್ನುತ್ತಿದ್ದಳು. ಅಷ್ಟೊತ್ತಿಗೆ ಕೆಂಪು ದೀಪ ಯಾಕೆ ಎಂದು ಅವಳಿಗೆ ಗೊತ್ತಾಗಿತ್ತು.

ಅಜ್ಜನವರು ನಿಲ್ಲಿಸಿದರು. ಶಿಷ್ಯ ತಲೆ ಎತ್ತದೆಯೇ, "ಆ ವ್ಯಾಪಾರಿ ಬೋರ್ಡಿಗೆ ಏನು ಬರೆಸಿದ, ಅಜ್ಜಾರ?" ಎಂದ.

"ಅವನು ಎಲ್ಲಿ ಬರೆಸಿದ? ಪೇಂಟರನನ್ನು ಏಣಿಯ ಮೇಲೇ ಬಿಟ್ಟು, ಅವ್ವನನ್ನು ಕೇಳಲು ಮನೆಗೆ ಓಡಿದ."

ಶಿಷ್ಯ ಚೀಟಿಯನ್ನು ಕಿಸೆಯಿಂದ ತೆಗೆದ. ಏನು ಮಾಡಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ಕೂತ. ಅಜ್ಜನವರು ಪುಸ್ತಕ ಬಿಚ್ಚುತ್ತಾ ಅವನ ಕಡೆ ನೋಡಿದರು.

"ಹೊಸ ಹೆಸರು ಕೊಡುತ್ತೇನೆ, ತೌಡಪ್ಪಾ; ಮೊದಲು ಊರಿಗೆ ಹೋಗಿ, ನಿನಗಿಂತ ಮುಂಚೆ ನಿನ್ನ ತೊಟ್ಟಿಲಲ್ಲಿ ಮಲಗಿದವರ ಹೆಸರನ್ನು ನಿಮ್ಮವ್ವನ ಬಾಯಿಂದ ಕೇಳಿಕೊಂಡು ಬಾ."