ಹೊಗೆ ಯಂಕೋಬ

ಬಹಳ ಹಿಂದೆ, ಕಲ್ಲಹಾಳ ಅಂತ ಒಂದೂರು. ಎಷ್ಟು ಹಿಂದೆ ಅಂದರೆ ಒಬ್ಬೊಬ್ಬರು ಒಂದೊಂದು ಕಾಲ ಹೇಳುತ್ತಾರೆ, ಅದು ಹಾಗಿರಲಿ. ಊರಿಗೆ ಊರೇ ಕಲ್ಲಿನ ಕ್ವಾರಿಯನ್ನು ನಂಬಿಕೊಂಡಿತ್ತು. ಗಂಡಸರು ಕಲ್ಲು ಸೀಳುತ್ತಿದ್ದರು, ಹೆಂಗಸರು ಜಲ್ಲಿ ಹೊರುತ್ತಿದ್ದರು, ಲಾರಿಗಳು ಬಂದು ಚಪ್ಪಡಿ ಹೇರಿಕೊಂಡು ಹೋಗುತ್ತಿದ್ದವು. ಅಂಥ ಒಂದು ಲಾರಿಯ ಡ್ರೈವರು ಯಂಕೋಬ. ಅವನು ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ಇಳಿಸಿದರೆ ಪಕ್ಕದಲ್ಲಿಟ್ಟ ಚಂಬಿನ ನೀರು ತುಳುಕುತ್ತಿರಲಿಲ್ಲ ಅಂತಾರೆ.

ಹೀಗಿರುವಾಗ ಕ್ವಾರಿಯ ಸಾವ್ಕಾರ ಒಂದು ಕಾರು ತಂದ. ಕೆಂಪು ಕಾರು. ಎರಡೇ ಬಾಗಿಲು, ಹೊಟ್ಟೆ ನೆಲಕ್ಕೆ ತಾಗಿತೇನೋ ಅನ್ನುವಷ್ಟು ಕುಳ್ಳು. ಕ್ಲಚ್ಚಿಲ್ಲ, ಗೇರು ಹಾಕುವ ಗೋಜಿಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಜನ ಬಗ್ಗಿ ಬಗ್ಗಿ ನೋಡಿದರು. ಸಾವ್ಕಾರ ಇರುವುದು ದೂರದ ಪೇಟೆಯಲ್ಲಿ. ನಾಲ್ಕು ದಿನ ಓಡಿಸಿದ, ಬೇಸರವಾಯಿತು. ಒರೆಸಿಡು, ಆಗಾಗ ಚಾಲೂ ಮಾಡು ಎಂದು ಕೀಲಿಯನ್ನು ಯಂಕೋಬನ ಕೈಗೆ ಕೊಟ್ಟು ಹೋದ. ಲಾರಿ ಬೇರೆಯವನ ಪಾಲಾಯಿತು. ಯಂಕೋಬ ಕೆಂಪು ಕಾರಿನ ಯಂಕೋಬನಾದ.

ಮೊದಲ ಸಲ ಅದು ಆದದ್ದು ಅರಿಯದೆ ಅಂತಾರೆ. ಲಾರಿಯ ರೂಢಿಯಲ್ಲಿ ಎಡಗಾಲು ಕ್ಲಚ್ಚು ಹುಡುಕಿ ಬ್ರೇಕಿನ ಮೇಲೆ ಕೂತಿತು, ಬಲಗಾಲು ಆಕ್ಸಿಲೇಟರ್ ಮೇಲೆ. ಕಾರು ಮುಂದಕ್ಕೆ ಹೋಗಲಿಲ್ಲ. ನಿಂತಲ್ಲೇ ನಿಂತು, ಹಿಂದಿನ ಗಾಲಿಗಳೆರಡೇ ಗಿರಗಿರನೆ ತಿರುಗಿ, ಕಿರುಚಿ, ಬಿಳೀ ಹೊಗೆ ಎದ್ದಿತು. ಯಂಕೋಬ ಹೆದರಿ ಕಾಲು ತೆಗೆದ. ಹೊಗೆ ತಿಳಿಯಾದಾಗ ಸುತ್ತ ನಿಂತ ಕಲ್ಲುಕುಟಿಗರು ನಗುತ್ತಿದ್ದರು. ಅವರಲ್ಲೊಬ್ಬ ದುರಗಪ್ಪ. ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದು, "ಇನ್ನೊಮ್ಮೆ ಮಾಡೋ ಯಂಕಣ್ಣ" ಅಂದ.

ಯಂಕೋಬ ಇನ್ನೊಮ್ಮೆ ಮಾಡಿದ.

ಅಲ್ಲಿಂದ ಮುಂದೆ ಅಮಾವಾಸ್ಯೆ ಬಂದರೆ ಕ್ವಾರಿಗೆ ರಜ, ಆ ದಿನ ಕಾರು ಚಪ್ಪಡಿ ಹೇರುವ ಕಟ್ಟೆಯ ಬಯಲಿಗೆ ಬರುತ್ತಿತ್ತು. ಬರೀ ನಿಂತು ಹೊಗೆ ಎಬ್ಬಿಸುವುದಲ್ಲ, ಸ್ಟೇರಿಂಗ್ ಪೂರಾ ಒಂದು ಕಡೆಗೆ ಎಳೆದು ಹಿಡಿದು ಕಾರನ್ನು ಸುತ್ತಲೂ ತಿರುಗಿಸಿ ಹಾಸುಗಲ್ಲಿನ ಮೇಲೆ ಕರೀ ಬಳೆ ಬರೆಯುತ್ತಿದ್ದ. ಹೊಗೆ ಗುಡ್ಡ ಮುಚ್ಚುತ್ತಿತ್ತು ಅಂತಾರೆ. ಪಕ್ಕದೂರಿನವರು ಬಣವೆಗೆ ಬೆಂಕಿ ಬಿದ್ದಿತೆಂದು ಕೊಡ ಹೊತ್ತು ಓಡಿ ಬಂದರು ಅಂತಾರೆ. ನೋಡಲು ಊರೂರಿನಿಂದ ಜನ ಬಂದರು. ಇವನಿಗೂ ಆ ಸಿಳ್ಳೆ, ಆ ಚಪ್ಪಾಳೆ ರುಚಿ ಹತ್ತಿತು. ಸಾವ್ಕಾರನಿಗೆ ಹೇಳಬೇಕು ಅನ್ನಿಸಲಿಲ್ಲ. ರಬ್ಬರು ಸುಡುವುದು, ಗಾಲಿ ಸವೆಯುವುದು ಲಾರಿ ಓಡಿಸಿದವನಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಒಂದು ಗಾಲಿ ಪೂರಾ ಬೋಳಾದಾಗ ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಹಾಕಿ, ಬೋಳು ಗಾಲಿಯನ್ನು ಡಿಕ್ಕಿಗೆ ತುರುಕಿದ. ಅದನ್ನೂ ಸುಟ್ಟ. ಒಂದು ಅಮಾವಾಸ್ಯೆಯ ಸಂಜೆ ಕಾರು ಶೆಡ್ಡಿಗೆ ಬಿಡುವಾಗ ಬಗ್ಗಿ ನೋಡಿದರೆ ರಬ್ಬರಿನೊಳಗಿನ ತಂತಿ ಇಣುಕುತ್ತಿತ್ತು. ನಾಳೆ ನೋಡಿದರಾಯಿತು ಎಂದು ಶೆಡ್ಡಿನ ಬಾಗಿಲು ಎಳೆದುಕೊಂಡ.

ಮಾರನೆಯ ದಿನ ನಡುಮಧ್ಯಾಹ್ನ, ಕ್ವಾರಿಯಲ್ಲಿ ಒಂದು ಚಪ್ಪಡಿ ಜಾರಿ ದುರಗಪ್ಪನ ಕಾಲ ಮೇಲೆ ಬಿತ್ತು.

ಲಾರಿಗಳೆಲ್ಲ ಹೇರು ಹೊತ್ತು ಹೋಗಿದ್ದವು. ಆಸ್ಪತ್ರೆ ಇರುವುದು ಇಳಿಜಾರಿನಾಚೆ, ಬಯಲು ದಾಟಿ. ಜನ ಹಾರೆ ಹಾಕಿ ಚಪ್ಪಡಿ ಎತ್ತಿ, ದುರಗಪ್ಪನನ್ನು ಕಂಬಳಿಯಲ್ಲಿ ಹೊತ್ತು ಸೀದಾ ಶೆಡ್ಡಿಗೆ ತಂದರು. ಅವನ ಹೆಂಡತಿ ಹುಲಿಗೆವ್ವ ಜಲ್ಲಿ ಬುಟ್ಟಿ ಎಸೆದು ಓಡಿ ಬಂದಳು. "ನಿನ್ನ ಕಾರು ಐತೆಲ್ಲಪ್ಪ ಯಂಕೋಬ, ನಮ್ಮ ಪುಣ್ಯ" ಅಂದಳು.

ಗಾಲಿ ಸವೆದಿವೆ ಎಂದು ಆಗ ಹೇಳಬೇಕಿತ್ತು. ಹೇಳಿದ್ದರೆ ಬಂಡಿ ಕಟ್ಟುತ್ತಿದ್ದರು. ಯಾರಾದರೂ ಸೈಕಲ್ ತುಳಿದು ಪಕ್ಕದೂರಿನಿಂದ ಟ್ರ್ಯಾಕ್ಟರ್ ತರುತ್ತಿದ್ದರು. ಯಂಕೋಬನ ನಾಲಿಗೆಯ ತುದಿಗೆ ಮಾತು ಬಂತು ಅಂತಾರೆ. ಆದರೆ ಸುತ್ತ ನಿಂತವರೆಲ್ಲ ಹಿಂದಿನ ದಿನ ಸಿಳ್ಳೆ ಹೊಡೆದವರೇ. ಅವರ ಮುಖದಲ್ಲಿ ಅದೇ ನಂಬಿಕೆ. ಆ ನಂಬಿಕೆಯ ಮುಂದೆ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾಗಿ ಸುಮ್ಮನಾದ. ಮುಂದಿನ ಸೀಟು ಮಲಗಿಸಿ ದುರಗಪ್ಪನನ್ನು ಒರಗಿಸಿದರು. ಹುಲಿಗೆವ್ವ ಹಿಂದಿನ ಸಂದಿಯಲ್ಲಿ ತೂರಿ ಕೂತು ಗಂಡನ ತಲೆ ಹಿಡಿದುಕೊಂಡಳು.

ಇಳಿಜಾರು ಅರ್ಧ ಇಳಿದಿದ್ದರು, ಹಿಂದಿನ ಗಾಲಿ ಸಿಡಿಯಿತು. ಕಾರು ಅಡ್ಡಡ್ಡ ಜಾರಿ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಸದ್ದಡಗಿತು. ಬಿಸಿಲು, ಬಯಲು, ನರಳಾಟ, ಅಷ್ಟೇ.

"ಬ್ಯಾರೆ ಗಾಲಿ ಹಾಕಪ್ಪ, ಲಗೂ ಹಾಕು" ಅಂದಳು ಹುಲಿಗೆವ್ವ.

ಯಂಕೋಬ ಇಳಿದ. ಡಿಕ್ಕಿ ತೆರೆಯಲಿಲ್ಲ. ಒಳಗೇನಿದೆ ಎಂದು ಅವನಿಗೆ ಗೊತ್ತು. ಅವನು ನಿಂತ ರೀತಿ ನೋಡಿ ಆಕೆಯೂ ಇಳಿದು ಬಂದು, ಸಿಡಿದ ಗಾಲಿ ನೋಡಿದಳು, ಪಕ್ಕದ ಗಾಲಿಯ ತಂತಿ ನೋಡಿದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತವ್ವ."

ಆಕೆ ತಿರುಗಿ ಹೋಗಿ ಗಂಡನ ತಲೆ ಹಿಡಿದುಕೊಂಡಳು. ಬೈದಿದ್ದರೆ, ಹೊಡೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ ಅಂತಾರೆ. ಯಂಕೋಬ ದುರಗಪ್ಪನನ್ನು ಬೆನ್ನಿಗೆ ಹಾಕಿಕೊಂಡು ನಡೆದ. ಬಯಲಿನಲ್ಲಿ ಬಂಡಿ ಸಿಗುವವರೆಗೆ ನಡೆದ. ಒಮ್ಮೆಯೂ ಇಳಿಸಲಿಲ್ಲ ಅಂತಾರೆ, ಅಂಗಾಲಿನ ಚರ್ಮ ಡಾಂಬರಿಗೆ ಅಂಟಿತು ಅಂತಾರೆ. ಆದರೂ ತಡವಾಗಿತ್ತು. ದುರಗಪ್ಪ ಉಳಿದ, ಅವನ ಕಾಲು ಉಳಿಯಲಿಲ್ಲ. ಸ್ವಲ್ಪ ಮೊದಲು ತಂದಿದ್ದರೆ ಎಂದು ಡಾಕ್ಟರು ಅಂದದ್ದನ್ನು ಯಂಕೋಬ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ.

ಸಾವ್ಕಾರನಿಗೆ ಎಲ್ಲ ಹೇಳಿ ಕೀಲಿ ಒಪ್ಪಿಸಿದ. ಅವನು ಬೈದು ಕಾರು ಎಳೆಸಿಕೊಂಡು ಹೋದ. ಯಂಕೋಬ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಇಳಿಜಾರಿನ ತಲೆಯಲ್ಲಿ ಒಂದು ತಟ್ಟಿಯ ಗುಡಿಸಲು ನಿಲ್ಲಿಸಿ ಪಂಕ್ಚರ್ ಹಾಕತೊಡಗಿದ. ಬರುವ ಗಾಡಿಯನ್ನೆಲ್ಲ ಕೈ ಅಡ್ಡ ಹಿಡಿದು ನಿಲ್ಲಿಸಿ, ತಲೆ ತಗ್ಗಿಸಿಕೊಂಡೇ ಗಾಲಿ ಮುಟ್ಟಿ ನೋಡಿ ಬಿಡುತ್ತಿದ್ದ. ನಿಲ್ಲಿಸದೆ ಹೋದ ಬಸ್ಸಿನ ಹಿಂದೆ ಓಡಿದ್ದನಂತೆ. ಆದರೆ ದೂರದೂರಿನ ಹುಡುಗರು ಬಂದು ಕೇಳುವುದು ಒಂದೇ: ಹೊಗೆ ಯಂಕೋಬ ನೀನೇ ಏನು, ಗುಡ್ಡ ಮುಚ್ಚುತ್ತಿತ್ತಂತೆ ನಿಜವೇ? ಅವರು ಹೊಗಳಿದಷ್ಟೂ ಅವನು ಕುಗ್ಗುತ್ತಿದ್ದ. ಅಲ್ಲ ಅಂದರೆ ಸುಳ್ಳು, ಹೌದು ಅಂದರೆ ಅವರು ಮೆಚ್ಚಿ ನಗುತ್ತಾರೆ. ಸುಮ್ಮನೆ ಟ್ಯೂಬು ನೀರಿಗೆ ಅದ್ದುತ್ತ ಕೂರುತ್ತಿದ್ದ.

ಕಟ್ಟೆಯ ಬಯಲಿನ ಕರೀ ಬಳೆ ಮಾತ್ರ ಹೋಗಲಿಲ್ಲ. ಮಳೆಗೂ ಹೋಗಲಿಲ್ಲ. ಅಮಾವಾಸ್ಯೆ ಬಂದರೆ ಯಂಕೋಬ ಬಕೆಟು, ತಂತಿ ಬ್ರಷ್ಷು ಹಿಡಿದು ಹೋಗಿ ಮೊಣಕಾಲೂರಿ ಉಜ್ಜುತ್ತಿದ್ದ. ಜನ ಮೊದಮೊದಲು ನೋಡಿದರು, ಆಮೇಲೆ ನೋಡಲಾರದೆ ಬೇರೆ ದಾರಿಯಲ್ಲಿ ಹೋದರು. ಸಿಳ್ಳೆ ಹೊಡೆದವರು ಅವರೂ ತಾನೆ.

ಒಂದು ಅಮಾವಾಸ್ಯೆ ದುರಗಪ್ಪ ಊರುಗೋಲು ಊರಿಕೊಂಡು ಬಂದ. ಯಂಕೋಬ ಕತ್ತೆತ್ತಲಿಲ್ಲ. ದುರಗಪ್ಪ ಕಷ್ಟಪಟ್ಟು ನೆಲಕ್ಕೆ ಕೂತು, ಚೀಲದಿಂದ ಉಳಿ ಸುತ್ತಿಗೆ ತೆಗೆದ.

"ಉಜ್ಜಿದರ ಹೋಗೂದಲ್ಲೋ ಇದು. ಕಲ್ಲಿನೊಳಗ ಇಳದೈತಿ. ಕೆತ್ತಬೇಕು."

"ನೀ ಯಾಕ ಮಾಡ್ತಿ ದುರಗಪ್ಪ?"

"ನಾನೂ ಸಿಳ್ಳಿ ಹೊಡದೀನಿ" ಅಂದ ದುರಗಪ್ಪ.

ಅವನು ಕೆತ್ತಿದ, ಯಂಕೋಬ ಚಕ್ಕೆ ಬಳಿದ. ಕರೀ ಬಣ್ಣ ಹೋಗಿ ಅಲ್ಲಿ ಬಿಳೀ ಗಾಲಿಯಂಥ ಬಳೆಯಾಯಿತು. ಇಬ್ಬರೂ ಮುದುಕರಾಗುವವರೆಗೆ ಸ್ನೇಹದಿಂದಿದ್ದರು ಅಂತಾರೆ. ಆದರೆ ಯಂಕೋಬ ಅವನ ಮುಖವನ್ನು ನೇರ ನೋಡಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ.

ಯಂಕೋಬ ಹೋದ, ತಟ್ಟಿ ಬಿತ್ತು, ಕ್ವಾರಿಯೂ ನಿಂತಿತು. ಆದರೆ ಕಲ್ಲಹಾಳದ ಇಳಿಜಾರಿನ ತಲೆಯಲ್ಲಿ ಇವತ್ತಿಗೂ ಗಾಡಿಗಳು ನಿಲ್ಲುತ್ತವೆ. ಹೇರಿದ ಲಾರಿಯಾಗಲಿ, ಮದುವೆ ಕಾರಾಗಲಿ, ಹಾಲಿನ ಟೆಂಪೋ ಆಗಲಿ, ಓಡಿಸುವವರು ಇಳಿದು ಒಂದು ಸುತ್ತು ಬಂದು ಪ್ರತಿ ಗಾಲಿಯ ಮೇಲೂ ಅಂಗೈ ಇಡುತ್ತಾರೆ. ಯಾರೂ ಮಾತಾಡುವುದಿಲ್ಲ, ಹಿಂದಿನವರು ಹಾರನ್ ಹೊಡೆಯುವುದಿಲ್ಲ. ಕೈಗೆ ಕಪ್ಪು ಹತ್ತುತ್ತದೆ. ಇಳಿಜಾರು ದಾಟುವ ತನಕ ಅದನ್ನು ಒರೆಸಿಕೊಳ್ಳುವಂತಿಲ್ಲ.