ಅಕ್ಷರ ಹೋದ ಪಂಚಾಂಗ

“ಗುರುಗಳೇ, ನಡುವೆ ಒದಗಿಬಂದ ಕೆಲಸಕ್ಕೂ ಪೂರ್ತಿ ಮನಸ್ಸು ಕೊಡಬೇಕೇ? ಮುಂದೆ ಬರುವ ಕೆಲಸಕ್ಕೆಂದು ಮನಸ್ಸನ್ನು ಉಳಿಸಿಕೊಂಡರೆ ತಪ್ಪೇನು?”

ಕೇಳಿದವನು ನಿಜಗುಣ. ಕಾಶಿಯ ಪಾಠಶಾಲೆಯಿಂದ ಕರೆ ಬರುವವರೆಗೆ ಇರುತ್ತೇನೆಂದು ಮಠಕ್ಕೆ ಬಂದವನು, ಬಂದು ಎರಡು ವರ್ಷವಾಗಿತ್ತು. ಗುರುಗಳ ಕಣ್ಣು ಮಂಜಾಗಿತ್ತು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡರೂ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಹಾಗಾಗಿ ದಿನವೂ ಬೆಳಿಗ್ಗೆ ಗ್ರಂಥ ಓದಿ ಹೇಳುವುದು ನಿಜಗುಣನ ಪಾಲಿಗೆ ಬಂದಿತ್ತು.

ಆ ದಿನ ಓದುತ್ತಿದ್ದಾಗ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿಸಿತು. ನಿಜಗುಣ ಕತ್ತೆತ್ತಿ ನೋಡಿದ. ಅಂಚೆಯವನು ಮಠದ ಮುಂದೆ ನಿಲ್ಲದೆ ಹೋದ. ಮತ್ತೆ ಪುಟಕ್ಕೆ ಮರಳುವಷ್ಟರಲ್ಲಿ ಎರಡು ಸಾಲು ತಪ್ಪಿಹೋಗಿತ್ತು. ಗುರುಗಳಿಗೆ ಆ ಗ್ರಂಥ ಬಾಯಿಪಾಠ, ಆದರೂ ಏನೂ ಅನ್ನಲಿಲ್ಲ. ಅವರು ಅನ್ನದೇ ಇದ್ದದ್ದೇ ಅವನನ್ನು ಚುಚ್ಚಿತು, ಪ್ರಶ್ನೆ ಬಾಯಿಗೆ ಬಂತು.

ಗುರುಗಳು ಪುಸ್ತಕ ಮುಚ್ಚಲು ಹೇಳಿದರು. ಒಂದು ಕತೆ ಇದೆ, ಕೂತು ಕೇಳು ಎಂದರು.

ಒಂದು ನಗರದಲ್ಲಿ ಒಬ್ಬ ಗುತ್ತಿಗೆಯ ಎಂಜಿನಿಯರ್ ಇದ್ದ. ದೊಡ್ಡ ದೊಡ್ಡ ಕಂಪನಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ಅವನ ಕಸುಬು. ಯಾವ ಕಂಪನಿಯೂ ಅವನನ್ನು ತನ್ನವನು ಎನ್ನುತ್ತಿರಲಿಲ್ಲ. ಆರು ತಿಂಗಳು ಒಂದು ಕಡೆ, ವರ್ಷ ಇನ್ನೊಂದು ಕಡೆ, ಛತ್ರದಲ್ಲಿ ಇಳಿದವನ ಹಾಗೆ ಇದ್ದು ಬರುತ್ತಿದ್ದ. ಗುತ್ತಿಗೆ ಮುಗಿದ ದಿನ ಕುತ್ತಿಗೆಯ ಗುರುತಿನ ಚೀಟಿ ಬಿಚ್ಚಿಕೊಟ್ಟು ಹೊರಡಬೇಕು.

ಒಂದು ಸಲ ಗುತ್ತಿಗೆ ಮುಗಿಯಿತು, ಮುಂದಿನದು ಬರಲಿಲ್ಲ. ಒಂದು ತಿಂಗಳು ಕಾದ, ಎರಡು ತಿಂಗಳು ಕಾದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಊಟದ ನಡುವೆ ಎದ್ದು ಹೋಗಿ ಫೋನ್ ನೋಡಿ ಬರುತ್ತಿದ್ದ. ಅವನ ಅವಸ್ಥೆ ನೋಡಲಾರದೆ ಹೆಂಡತಿ ಒಂದು ಮಾತು ಹೇಳಿದಳು. ಮನೆಮನೆಯಲ್ಲೂ ಕಂಪ್ಯೂಟರ್ ಇದೆ, ಕೆಟ್ಟರೆ ಬಂದು ನೋಡುವವರಿಲ್ಲ, ಹೇಗೂ ನಿಮಗೆ ಬರುವ ವಿದ್ಯೆ, ಹೋಗಿ ಸರಿಮಾಡಿಕೊಡಿ ಎಂದಳು. ಅವನಿಗೆ ಮೈಯೆಲ್ಲ ಉರಿಯಿತು. ಬ್ಯಾಂಕುಗಳ ಯಂತ್ರ ಕಾದವನು ಕಂಡವರ ಮನೆಯ ಕೀಬೋರ್ಡ್ ಒರೆಸಬೇಕೇ ಎಂದುಕೊಂಡ. ಆದರೂ ಮರುದಿನ ಔಷಧಿ ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿ ಬಂದ. ಅದರಲ್ಲಿ ಫೋನ್ ನಂಬರ್ ಇತ್ತು, ಹೆಸರು ಇರಲಿಲ್ಲ.

ಕೆಲಸಕ್ಕೇನೂ ಬರ ಬರಲಿಲ್ಲ. ಒಂದು ಮನೆಯಲ್ಲಿ ಕೀಬೋರ್ಡಿನೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಇನ್ನೊಂದು ಮನೆಯಲ್ಲಿ ಪ್ರಿಂಟರ್ ಸತ್ತೇ ಹೋಯಿತೆಂದು ಗೋಳಾಡುತ್ತಿದ್ದರು. ಹೋಗಿ ನೋಡಿದರೆ ಅದರ ಪ್ಲಗ್ ಕಿತ್ತು ಆ ಜಾಗಕ್ಕೆ ಮಿಕ್ಸಿ ಸಿಕ್ಕಿಸಿದ್ದರು. ಎಲ್ಲರೂ ಅವನನ್ನು ಒಳಗೆ ಕರೆದರು, ಕುರ್ಚಿ ಕೊಟ್ಟರು, ತಾವು ಏನು ಮಾಡಿಕೊಂಡಿದ್ದೀರಿ ಎಂದು ವಿಚಾರಿಸಿದರು. ಅವನ ಉತ್ತರ ಎಲ್ಲ ಕಡೆಯೂ ಒಂದೇ. ಸದ್ಯಕ್ಕೆ ಇದು ಮಾಡ್ತಿದ್ದೀನಿ. ಕೆಲಸ ಹೇಗಾಯಿತು ಎಂದರೆ, ಸದ್ಯಕ್ಕೆ ನಡೆಯುತ್ತೆ. ಮತ್ತೆ ಕೆಟ್ಟರೆ ಬರುತ್ತೀರಾ ಎಂದರೆ, ಸದ್ಯಕ್ಕೆ ಇಲ್ಲೇ ಇದ್ದೀನಿ. ಆ ಒಂದು ಮಾತನ್ನು ಕೊಡೆಯಂತೆ ಹಿಡಿದು ಓಡಾಡುತ್ತಿದ್ದ. ಅದರ ಕೆಳಗೆ ಇರುವವರೆಗೆ ಅವಮಾನ ಮೈಗೆ ತಾಗುವುದಿಲ್ಲವೆಂದು ನಂಬಿದ್ದ. ಯಾರ ಮನೆಗೆ ಹೋದರೂ ಮೊದಲು ಫೋನನ್ನು ಮೇಜಿನ ಮೇಲೆ ಎದುರಿಗೆ ಇಟ್ಟುಕೊಳ್ಳುತ್ತಿದ್ದ. ಕೈ ಅವರ ಯಂತ್ರದ ಮೇಲೆ, ಕಣ್ಣು ತನ್ನ ಫೋನಿನ ಮೇಲೆ.

ಒಂದು ಸೋಮವಾರ ಒಬ್ಬ ಹೆಂಗಸು ಅವನನ್ನು ಕರೆಸಿದಳು. ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡಿ ಬದುಕುವವಳು. ವರ್ಷವಿಡೀ ಅರ್ಜಿ, ಲಗ್ನಪತ್ರಿಕೆ ಹೀಗೆ ಚಿಲ್ಲರೆ ಕೆಲಸ. ಯುಗಾದಿಗೆ ಮುಂಚೆ ಒಬ್ಬ ಜೋಯಿಸರ ಪಂಚಾಂಗ. ಹನ್ನೊಂದು ವರ್ಷದಿಂದ ಆ ಪಂಚಾಂಗವೇ ಅವಳ ಮನೆಯ ಆಧಾರ. ಈ ಸಲ ಗುರುವಾರ ಮಧ್ಯಾಹ್ನದೊಳಗೆ ಅದು ಪ್ರೆಸ್ಸಿಗೆ ಹೋಗದಿದ್ದರೆ ಬರುವ ವರ್ಷದಿಂದ ಬೇರೆಯವರಿಗೆ ಕೊಡುತ್ತೇನೆಂದು ಜೋಯಿಸರು ಹೇಳಿಬಿಟ್ಟಿದ್ದರು. ಪುಟಗಳೆಲ್ಲ ತಯಾರಾಗಿದ್ದವು, ಒಂದು ಸಲ ತಾಳೆ ನೋಡುವುದು ಮಾತ್ರ ಬಾಕಿ. ಆದರೆ ಯಂತ್ರ ಒಂದು ಪುಟ ತೆರೆಯಲು ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ಬರುವ ವರ್ಷದ ಶುಭಗಳಿಗೆಯೆಲ್ಲ ಆ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡು ಕೂತಿತ್ತು.

ಬಾಗಿಲಲ್ಲಿ ಅವನನ್ನು ಕಂಡವಳೇ ಎದೆಯ ಮೇಲೆ ಕೈಯಿಟ್ಟು, “ಸದ್ಯ, ಬಂದ್ರಲ್ಲ ಸಾರ್” ಎಂದಳು.

ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನ ಹನ್ನೊಂದು ಗಂಟೆಗೆ ಒಂದು ಕಂಪನಿಯವರು ಫೋನ್ ಮಾಡುವುದಿತ್ತು. ಹತ್ತೂಕಾಲಿಗೆ ಕೆಲಸಕ್ಕೆ ಕೂತ. ಯಂತ್ರದೊಳಗೆ ಹಳೇ ಸಾಮಾನು ತುಂಬಿತ್ತು, ಒಂದೊಂದಾಗಿ ಕಿತ್ತು ಹಾಕತೊಡಗಿದ. ಅದರ ನಡುವೆ ಕನ್ನಡ ಅಕ್ಷರಗಳ ಒಂದು ಹಳೆಯ ಸಾಫ್ಟ್‌ವೇರ್ ಇತ್ತು. ಅದನ್ನು ಮಾಡಿದವರ ಹೆಸರೂ ಅವನು ಕೇಳಿರಲಿಲ್ಲ. ಈಗಿನ ಯಂತ್ರದಲ್ಲಿ ಕನ್ನಡ ತಾನಾಗಿಯೇ ಬರುತ್ತದೆ, ಇದು ಯಾವ ಕಾಲದ್ದೋ ಎಂದು ಅದನ್ನೂ ಕಿತ್ತ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಏನಾದರೂ ತೆಗೆಯುತ್ತಿದ್ದೀರಾ ಎಂದು ಕೇಳಿದಳು. ಬೇಡದ್ದು ಅಷ್ಟೇ ಎಂದ.

ಹತ್ತೂಮುಕ್ಕಾಲಿಗೆ ಯಂತ್ರ ಚುರುಕಾಯಿತು. ಕಾಫಿಗೆ ಇಟ್ಟಿದ್ದೇನೆ, ಕುಡಿಯುತ್ತಾ ಒಂದು ಪುಟ ತೆರೆದು ನೋಡೋಣ ಎಂದಳು. ಅವನು ಕಂಪನಿಗಳಲ್ಲಿ ಕಲಿತ ರೀತಿ ಬೇರೆ. ಅಲ್ಲಿ ದೂರಿಗೆ ಟಿಕೆಟ್ ಎನ್ನುತ್ತಾರೆ. ಟಿಕೆಟ್ಟಿಗೆ ನಂಬರ್ ಇರುತ್ತದೆ, ಮುಖ ಇರುವುದಿಲ್ಲ. ಸರಿಮಾಡಿ ಟಿಕೆಟ್ ಮುಚ್ಚಿದರೆ ಕೆಲಸ ಮುಗಿಯಿತು. ಆಮೇಲೆ ಪುಟ ತೆರೆದು ಓದುವವರು ಯಾರೋ, ಎಲ್ಲಿಯೋ. ಸದ್ಯಕ್ಕೆ ಏನೂ ತೊಂದರೆ ಇಲ್ಲಮ್ಮ ಎಂದು ಚಪ್ಪಲಿ ಮೆಟ್ಟಿಕೊಂಡ.

ಹನ್ನೊಂದಕ್ಕೆ ಫೋನ್ ಬಂತು. ಗುತ್ತಿಗೆ ಹೆಚ್ಚುಕಡಿಮೆ ನಿಮ್ಮದೇ, ಇನ್ನೊಂದು ಸುತ್ತಿನ ಮಾತು ಬಾಕಿ ಇದೆ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಾಡುತ್ತೇವೆ, ತಪ್ಪಿಸಬೇಡಿ ಎಂದರು. ಅವನು ನಡುರಸ್ತೆಯಲ್ಲೇ ಹಗುರಾದ. ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಫೋನ್ ಬಂತು. ಆ ಹೆಂಗಸು. ಪುಟ ಏನೋ ತಟ್ಟನೆ ತೆರೆಯುತ್ತಿದೆ, ಆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಬಂದ ಹಾಗೆ ಏನೇನೋ ತುಂಬಿದೆ, ತಿಥಿ ಇಲ್ಲ, ನಕ್ಷತ್ರ ಇಲ್ಲ ಎಂದಳು.

ತುತ್ತು ಅವನ ಕೈಯಲ್ಲೇ ಉಳಿಯಿತು. ಹಳೆಯ ಕಾಲದ ಕಂಪ್ಯೂಟರ್ ಕನ್ನಡ ಹಾಗೆಯೇ. ಬರೆದ ಸಾಫ್ಟ್‌ವೇರ್ ಜೊತೆಗಿರುವವರೆಗೆ ಅದು ಕನ್ನಡ. ಅದನ್ನು ಕಿತ್ತರೆ ಪುಟ ಉಳಿಯುತ್ತದೆ, ಓದಲು ಬರುವುದಿಲ್ಲ. ಇದು ಅವನಿಗೆ ಗೊತ್ತಿರದ ವಿಷಯವಲ್ಲ. ಆ ಹೊತ್ತಿನಲ್ಲಿ ಅವನು ಅಲ್ಲಿ ಇರಲಿಲ್ಲ, ಅಷ್ಟೇ.

ಫೈಲು ಮೊದಲೇ ಕೆಟ್ಟಿತ್ತು ಎನ್ನಬಹುದಿತ್ತು. ಅಂದಿದ್ದರೆ ಅವಳು ನಂಬುತ್ತಿದ್ದಳು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೈ ತೊಳೆದು ಅವಳ ಮನೆಗೆ ಹೋಗಿ, ತಪ್ಪು ನನ್ನದು ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ನೀವು ಬಂದಾಗ ನಾನು ‘ಸದ್ಯ’ ಅಂದೆ ಸಾರ್. ಹೋಗುವಾಗ ನೀವು ‘ಸದ್ಯಕ್ಕೆ’ ಅಂದ್ರಿ. ಎರಡೂ ಒಂದೇ ಅಂತ ನಾನೇ ತಿಳ್ಕೊಂಡ್ಬಿಟ್ಟೆ.”

ಸಾಫ್ಟ್‌ವೇರ್ ಮಾರಿದ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಸೀಡಿ ಅವಳ ಟ್ರಂಕಿನ ತಳದಲ್ಲಿ ಸಿಕ್ಕಿತು, ಆದರೆ ನಡುವೆ ಸೀಳು ಬಿಟ್ಟಿತ್ತು. ಮಂಗಳವಾರ, ಬುಧವಾರ, ಎರಡು ದಿನ ಎಂಜಿನಿಯರ್ ಊರೆಲ್ಲ ಸುತ್ತಿದ. ಲಗ್ನಪತ್ರಿಕೆ ಅಚ್ಚುಹಾಕುವವರು, ಕೋರ್ಟಿನ ಎದುರು ಟೈಪ್ ಮಾಡುವವರು, ಯಾರನ್ನೂ ಬಿಡಲಿಲ್ಲ. ಕೆಲವರು ನಕ್ಕರು, ಅದು ಇನ್ನೂ ಯಾರ ಹತ್ತಿರ ಇರುತ್ತದೆ ಎಂದರು. ಕೊನೆಗೆ ರಬ್ಬರ್ ಸ್ಟ್ಯಾಂಪ್ ಮಾಡುವ ಒಬ್ಬ ಮುದುಕನ ಅಂಗಡಿಯಲ್ಲಿ, ಧೂಳು ಹಿಡಿದ ಒಂದು ಯಂತ್ರದಲ್ಲಿ ಅದು ಇನ್ನೂ ಇತ್ತು. ಪೆನ್‌ಡ್ರೈವಿಗೆ ಹಾಕಿಸಿಕೊಂಡು ಗುರುವಾರ ಬೆಳಿಗ್ಗೆ ಅವಳ ಮನೆಗೆ ಹೋದ. ಅಕ್ಷರಗಳು ಮರಳಿ ಬಂದವು.

ಈ ಸಲ ಅವನು ಚಪ್ಪಲಿಯ ಕಡೆ ಹೋಗಲಿಲ್ಲ. ಕಾಫಿ ಕುಡಿದ. ಇಬ್ಬರೂ ಮೊದಲ ಪುಟದಿಂದ ತಾಳೆ ನೋಡತೊಡಗಿದರು. ಅವಳು ಜೋಯಿಸರ ಕೈಬರಹ ಹಿಡಿದು ತಿಥಿ, ವಾರ, ನಕ್ಷತ್ರ ಓದುತ್ತಿದ್ದಳು, ಅವನು ಸ್ಕ್ರೀನ್ ನೋಡಿ ಹೂಂ ಎನ್ನುತ್ತಿದ್ದ. ಶ್ರಾವಣ ಮಾಸದಲ್ಲಿದ್ದಾಗ ಹತ್ತು ಗಂಟೆಯಾಯಿತು. ಮೇಜಿನ ಮೇಲೆ ಫೋನ್ ಬಡಿದುಕೊಳ್ಳತೊಡಗಿತು. ಅವಳು ಓದು ನಿಲ್ಲಿಸಿ ಅವನ ಮುಖ ನೋಡಿದಳು. ಅವನು ಫೋನನ್ನು ಬೋರಲು ಹಾಕಿ, ಮುಂದಿನ ತಿಥಿ ಹೇಳಿ ಎಂದ. ಮಧ್ಯಾಹ್ನ ಪಂಚಾಂಗ ಪ್ರೆಸ್ಸಿಗೆ ಹೋಯಿತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ನಿಜಗುಣನಿಗೆ ಸಮಾಧಾನವಾಗಲಿಲ್ಲ. ಕೂತಲ್ಲೇ ಮಿಸುಕಾಡಿದ. ಕಂಪನಿಯವರು ಮತ್ತೆ ಫೋನ್ ಮಾಡಿದರೇ, ಗುತ್ತಿಗೆ ಸಿಕ್ಕಿತೇ, ಅವನು ಹೋದನೇ, ಮನೆಮನೆಯ ಕೆಲಸದಲ್ಲೇ ಉಳಿದನೇ ಎಂದು ಒಂದರ ಮೇಲೊಂದು ಕೇಳಿದ.

ಗುರುಗಳು ಅದು ತಮಗೆ ಗೊತ್ತಿಲ್ಲ ಎಂದರು. ಹೋಗಿದ್ದರೆ ತಪ್ಪೇನೂ ಇಲ್ಲ, ಹೋಗುವವನು ಹೋಗಲೇಬೇಕು ಎಂದರು.

“ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ?”

ಗುರುಗಳು ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ನೀನು ಬಂದ ದಿನ ‘ಸದ್ಯಕ್ಕೆ ಇರುತ್ತೇನೆ’ ಎಂದೆ, ನಾನು ‘ಸದ್ಯ’ ಎಂದು ಕನ್ನಡಕ ತೆಗೆದಿಟ್ಟೆ.”